ಬಿಲ್ಲಿಗೊಂದು ಸಾಲೋ, ಸರಕಿಗೊಂದು ಸಾಲೋ?

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ದ್ರಾಕ್ಷಿ ಬೆಳೆಗಾರರೇ ಹೆಚ್ಚಾಗಿ ಬರುವ ಗೊಬ್ಬರದ ಅಂಗಡಿಯೊಂದರ ಬಿಲ್ಲುಗಳು ನನ್ನ ಕೈಯಲ್ಲಿದ್ದವು. ಯಾವ ಸರಕಿನ ಜೊತೆ ಯಾವುದು ಹೋಗುತ್ತದೆ ಎಂದು ಹುಡುಕಬೇಕಿತ್ತು. ಅಗ್ರವಾಲ್ ಮತ್ತು ಶ್ರೀಕಾಂತ್ 1994ರಲ್ಲಿ ಪ್ರಕಟಿಸಿದ, ಒಟ್ಟಿಗೆ ಮಾರಾಟವಾಗುವ ಸರಕುಗಳನ್ನು ಕಂಪ್ಯೂಟರಿನಲ್ಲಿ ಹುಡುಕುವ ಅಪ್ರಿಯೋರಿ ವಿಧಾನಕ್ಕೆ ಅದೇ ಡೇಟಾವನ್ನು ಎರಡು ಬಗೆಯಲ್ಲಿ ಜೋಡಿಸಿಕೊಟ್ಟೆ.

ಮೊದಲನೆಯದು ಅಗಲದ ಟೇಬಲ್: ಬಿಲ್ಲಿಗೊಂದು ಸಾಲು, ಸರಕಿಗೊಂದು ಕಾಲಂ, ಕೊಂಡಿದ್ದರೆ 1, ಇಲ್ಲವಾದರೆ 0. ಪೈಥಾನ್ ಭಾಷೆಯ ಎಂಎಲ್‌ಎಕ್ಸ್‌ಟೆಂಡ್ ಎಂಬ ಪ್ಯಾಕೇಜ್ ಕೇಳುವುದು ಇಂಥದ್ದನ್ನೇ. ಆದರೆ ವೇಕಾ ಎಂಬ ಡೇಟಾ ವಿಶ್ಲೇಷಣೆಯ ತಂತ್ರಾಂಶ ಸೊನ್ನೆಯನ್ನೂ ಒಂದು ಮೌಲ್ಯವೆಂದೇ ಎಣಿಸುತ್ತದೆ. ಹಾಗಾಗಿ ‘ಗಂಧಕ ಕೊಳ್ಳದವರು ಜಿಬ್ಬರೆಲಿಕ್ ಆಮ್ಲವನ್ನೂ ಕೊಳ್ಳುವುದಿಲ್ಲ’ ಎಂಬಂಥ ಕೆಲಸಕ್ಕೆ ಬಾರದ ನಿಯಮಗಳೇ ಮೇಲೆ ಬಂದು ಕೂರುತ್ತವೆ. 0 ಇರುವಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ (ವೇಕಾದಲ್ಲಿ ‘ಮೌಲ್ಯವಿಲ್ಲ’ ಎಂಬ ಗುರುತು) ಹಾಕಿದರೆ ಈ ಕಾಟ ತಪ್ಪುತ್ತದೆ.

ಎರಡನೆಯದು ಉದ್ದದ ಟೇಬಲ್: ಬಿಲ್ ಸಂಖ್ಯೆ, ದಿನಾಂಕ, ರೈತರ ಉದ್ರಿ ಖಾತೆ ಸಂಖ್ಯೆ, ಸರಕು. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಎರೂಲ್ಸ್ ಪ್ಯಾಕೇಜ್ ಇದನ್ನು ನೇರವಾಗಿ ಓದಿಕೊಳ್ಳುತ್ತದೆ. ನನ್ನ ಮತ ಇದಕ್ಕೇ.

ಕಾರಣ ಒಣದ್ರಾಕ್ಷಿ. ಗೊನೆಗಳನ್ನು ಶೆಡ್ಡಿನಲ್ಲಿ ಒಣಹಾಕುವ ಮೊದಲು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಕೆಲಸ ನಡೆಯದು. ಆದರೂ ಬಿಲ್ಲುಗಳ ಲೆಕ್ಕದಲ್ಲಿ ಇವೆರಡರ ನಂಟು ಸೊರಗಿತ್ತು, ಏಕೆಂದರೆ ಅನೇಕರು ಒಂದನ್ನು ಇಂದು, ಇನ್ನೊಂದನ್ನು ಮುಂದಿನ ವಾರ ಒಯ್ಯುತ್ತಾರೆ. ಉದ್ದದ ಟೇಬಲ್‌ನಲ್ಲಿ ಬಿಲ್ ಸಂಖ್ಯೆಯ ಬದಲು ಖಾತೆ ಮತ್ತು ಹಂಗಾಮನ್ನು ಹಿಡಿದು ಗುಂಪು ಮಾಡಿದ ಕೂಡಲೇ ನಂಟು ಎದ್ದು ಕಂಡಿತು. ಅಗಲದ ಟೇಬಲ್‌ನಲ್ಲಿ ಖಾತೆಯ ಕಾಲಂ ಇರಲೇ ಇಲ್ಲ. ಬಿಲ್ಲುಗಳಿಂದಲೇ ಮತ್ತೆ ಕಟ್ಟಬೇಕಾಗುತ್ತಿತ್ತು.

ಇನ್ನೊಂದು ವಿಷಯ ಗೊಬ್ಬರದ ಹೆಸರುಗಳದು. 13:0:45 (ಸಾರಜನಕ, ರಂಜಕ, ಪೊಟ್ಯಾಶ್‌ಗಳ ಶೇಕಡಾ ಪ್ರಮಾಣ ಸೂಚಿಸುವ ಹೆಸರು) ಎಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆದರೆ ಅದು ಇದನ್ನು ಗಡಿಯಾರದ ಸಮಯವೆಂದು ತಿಳಿದು 13:00:45 ಮಾಡಿಬಿಡುತ್ತದೆ. ಅಗಲದ ಟೇಬಲ್‌ನಲ್ಲಿ ಒಂದೇ ಗೊಬ್ಬರ ಎರಡು ಕಾಲಂಗಳಾಗಿ ನೂರಾರು ಕಾಲಂಗಳ ನಡುವೆ ಅಡಗಿ ಕೂರುತ್ತದೆ. ಉದ್ದದ್ದರಲ್ಲಿ ಸರಕಿನ ಕಾಲಂ ಒಂದನ್ನೇ ಅಕ್ಷರಕ್ರಮದಲ್ಲಿ ಜೋಡಿಸಿದರೆ ಅವು ಪಕ್ಕಪಕ್ಕದಲ್ಲೇ ಸಿಗುತ್ತವೆ. ಡೇಟಾ ತುಂಬುವ ಮೊದಲೇ ಆ ಕಾಲಂ ಅನ್ನು ಪಠ್ಯ ಎಂದು ಗುರುತಿಸಿಡುವುದು ಇನ್ನೂ ಒಳ್ಳೆಯದು.

ಕವಲೊಡೆಯುವ ಪ್ರಶ್ನೆಗಳ ಮೂಲಕ ಅಂದಾಜು ಮಾಡುವ ನಿರ್ಣಯ ವೃಕ್ಷದಂಥ (ಡಿಸಿಷನ್ ಟ್ರೀ) ಮಾದರಿಗಳಿಗೆ ಮಾತ್ರ ರೈತರೊಬ್ಬರಿಗೆ ಒಂದೇ ಸಾಲು ಇರಲೇಬೇಕು. ಆಗ ಉದ್ದದ್ದರಿಂದಲೇ ಅಗಲದ್ದನ್ನು ತೆಗೆದುಕೊಳ್ಳುತ್ತೇನೆ. ಕಾಪಿಟ್ಟುಕೊಳ್ಳುವುದು ಉದ್ದದ್ದನ್ನು ಮಾತ್ರ.