ಆಯಿಯ ಸ್ನಾನದ ಕುರ್ಚಿ: ಎರಡು ಮಳೆಗಾಲ ಬಳಸಿದ ಮೇಲೆ

ಕುಮಟಾದ ನಮ್ಮ ಮನೆಗೆ ಈ ಕುರ್ಚಿ ಬಂದು ಎರಡು ಮಳೆಗಾಲ ಆಯಿತು. ಅಲ್ಯೂಮಿನಿಯಂ ಕಾಲು, ಬಿಳಿ ಪ್ಲಾಸ್ಟಿಕ್ ಸೀಟು, ಬೆನ್ನಿಗೆ ಆಸರೆ, ಎರಡೂ ಕಡೆ ಹಿಡಿಕೆ. ₹2,600 ಕೊಟ್ಟು ಆನ್‌ಲೈನಿನಲ್ಲಿ ತರಿಸಿದ್ದು. ಆಯಿಗೆ ಈಗ 78 ವರ್ಷ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಶುರುವಾಗಿ ನಾಲ್ಕು ವರ್ಷ.

ಮೊದಲ ವಾರ ಆಯಿ ಇದರಲ್ಲಿ ಕೂರಲೇ ಇಲ್ಲ. ಬಿಳಿ ಟೈಲ್ಸಿನ ನಡುವೆ ಬಿಳಿ ಸೀಟು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಕಣ್ಣು ಚೆನ್ನಾಗಿದ್ದರೂ ಬಣ್ಣ, ಆಳ ತಿಳಿಯುವುದು ಕಷ್ಟ ಆಗಬಹುದು. ಸೀಟಿಗೆ ಕೆಂಪು ಟವೆಲ್ ಬಿಗಿದು ಕಟ್ಟಿದೆ. ಜೊತೆಗೆ ಬಂದ ಕಪ್ಪು ರಬ್ಬರ್ ಮ್ಯಾಟ್ ನೋಡಿ "ಅಲ್ಲಿ ಹೊಂಡ ಇದ್ದು" ಎಂದು ಕಾಲು ಎತ್ತಿ ದಾಟಲು ಹೋದಳು. ಜಾರಿಬಿಡುತ್ತಿದ್ದಳು! ಅವತ್ತೇ ಮ್ಯಾಟ್ ತೆಗೆದು, ನೆಲದ ಬಣ್ಣದ್ದೇ ಜಾರದ ಮ್ಯಾಟ್ ಹಾಕಿದೆ.

"ಕುರ್ಚಿಯಲ್ಲಿ ಕೂತ್ಕೋ" ಅಂದರೆ ಸಿಟ್ಟು. ಬಚ್ಚಲಲ್ಲಿ ಕುರ್ಚಿ ಯಾಕೆ, ಅಲ್ವಾ? ಜೀವಮಾನ ಇಡೀ ಮಣೆ ಮೇಲೆ ಕೂತು ಹಂಡೆಯ ನೀರು ಮಿಂದವಳು. ಒಂದು ದಿನ "ಆಯಿ, ಮಣೆ ಇಲ್ಲಿದ್ದು, ಬಾ" ಅಂದೆ. ಬಂದು ಕೂತೇಬಿಟ್ಟಳು. ಹೊಸದು ಮರೆತರೂ ಹಳೇ ರೂಢಿ ಎಷ್ಟೋ ಕಾಲ ಉಳಿಯುತ್ತದೆ.

ಶವರ್ ತಲೆ ಮೇಲೆ ಬಿದ್ದರೆ ಹೆದರುತ್ತಾಳೆ, ಅದಕ್ಕೆ ಚೊಂಬೇ. ಬಿಸಿ ಮೊದಲು ನನ್ನ ಮುಂಗೈಗೆ ನೋಡುತ್ತೇನೆ. ಅವಳ ಕೈ ಮೇಲೆ ಕೈ ಇಟ್ಟು ಮೊದಲ ಚೊಂಬು ಪಾದಕ್ಕೆ ಹೊಯ್ಯುತ್ತೇವೆ. ಎರಡನೆಯದು ಅವಳೇ ಹೊಯ್ದುಕೊಳ್ಳುತ್ತಾಳೆ. ಹೆಗಲಿಗೆ ಒಂದು ಟವೆಲ್ ಹೊದಿಸಿರುತ್ತೇನೆ, ಸೋಪು ಅದರ ಕೆಳಗೇ. ಬೀಳುವ ಭಯ ಇಲ್ಲದ್ದರಿಂದ ಎರಡೂ ಕೈ ಬಿಡುವಾಗುತ್ತದೆ, ಕುತ್ತಿಗೆ ತಾನೇ ಉಜ್ಜಿಕೊಳ್ಳುತ್ತಾಳೆ. ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಕೊರತೆಯೂ ಇದೆ. ನಮ್ಮ ಕಡಲ ಗಾಳಿಗೆ ಸ್ಕ್ರೂಗಳು ಮೊದಲ ಮಳೆಗಾಲದಲ್ಲೇ ತುಕ್ಕು ಹಿಡಿದವು, ಸ್ಟೇನ್‌ಲೆಸ್ ಸ್ಟೀಲಿನವು ಹಾಕಿಸಿದೆ. ಸೀಟಿನ ತೂತುಗಳಲ್ಲಿ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಬ್ರಷ್ ಹಾಕಲೇಬೇಕು. ದೊಡ್ಡ ತಪ್ಪು ಕಾಲಿನ ರಬ್ಬರ್ ಬುಷ್‌ಗಳದ್ದು. ಒಂದು ವರ್ಷಕ್ಕೆ ಸವೆದು ಕುರ್ಚಿ ಸರಿಯಿತು. ನಾನು ಪಕ್ಕದಲ್ಲೇ ಇದ್ದೆ, ಹಿಡಿದೆ. ಬೇರೆ ಬುಷ್ ಕೇಳಿದರೆ ಮಾರಿದವರಿಂದ ಉತ್ತರವೇ ಇಲ್ಲ. ಕೊನೆಗೆ ಊರುಗೋಲಿಗೆ ಹಾಕುವ ಬುಷ್ ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು, ಸರಿಯಾಗಿ ಕೂತಿತು.

ತಗೊಳ್ಳುವವರು ಬಣ್ಣದ ಸೀಟಿನದ್ದೇ ತಗೊಳ್ಳಿ, ಬುಷ್ ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಟವೆಲ್ ತರುವುದಕ್ಕೆಂದೂ ಕುರ್ಚಿಯಲ್ಲಿ ಕೂತವರನ್ನು ಒಬ್ಬರನ್ನೇ ಬಿಟ್ಟು ಹೋಗಬೇಡಿ. ಎಲ್ಲ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.