ಗೋಬಿಗೆ ಬಣ್ಣ ಇಲ್ಲ ಅಂತ ಜಗಳ

ಭಾನುವಾರ ರಾತ್ರಿ ಚಿಕ್ಕಮಗಳೂರು ಪೇಟೆಯ ಒಂದು ಸಣ್ಣ ಚೈನೀಸ್ ಹೋಟೆಲ್‌ಗೆ ಹೋಗಿದ್ದೆವು. ಗೋಬಿ ಮಂಚೂರಿ ಚೆನ್ನಾಗಿತ್ತು. ಹೊರಗೆ ಗರಿಗರಿ, ಬೆಳ್ಳುಳ್ಳಿ ಜಾಸ್ತಿ, ಹೂಕೋಸು ಹದವಾಗಿ ಬೆಂದಿತ್ತು. ನೂಡಲ್ಸ್ ಮಾತ್ರ ಬರೀ ಎಣ್ಣೆ.

ಚಿಕ್ಕಪ್ಪನಿಗೆ ಸಮಾಧಾನ ಇಲ್ಲ. "ಏನಯ್ಯಾ, ಗೋಬಿಗೆ ಬಣ್ಣಾನೇ ಇಲ್ಲ! ನಿನ್ನೇದಾ?" ಅಂತ ಇಡೀ ಹೋಟೆಲ್‌ಗೆ ಕೇಳುವ ಹಾಗೆ ಕೂಗಿದರು. ಸಪ್ಲೈಯರ್ ಹುಡುಗ ಮೆಲ್ಲಗೆ, "ಸರ್, 2024ರ ಮಾರ್ಚ್‌ನಲ್ಲೇ ಸರ್ಕಾರ ಗೋಬಿಗೆ ಬಣ್ಣ ಹಾಕಬಾರದು ಅಂತ ಹೇಳಿದೆ" ಅಂದ. ಪಕ್ಕದ ಟೇಬಲ್‌ನವರು ಕಿಸಕ್ಕನೆ ನಕ್ಕರು.

ಹಾಂಗ್‌ಕಾಂಗ್‌ನಲ್ಲಿ ಕೆಲಸ ಮಾಡಿ ಬಂದ ಅಕ್ಕ ತಲೆ ತಗ್ಗಿಸಿ "ಮೋ ಮಿನ್" ಅಂದಳು. ಕ್ಯಾಂಟೊನೀಸ್‌ನಲ್ಲಿ 'ಮೋ' ಅಂದರೆ ಇಲ್ಲ, 'ಮಿನ್' ಅಂದರೆ ಮುಖ. ನಾಲ್ಕು ಜನರ ಮುಂದೆ ಮರ್ಯಾದೆ ಹೋದರೆ ಅಲ್ಲಿ ಹೀಗನ್ನುತ್ತಾರಂತೆ. ನಾವೂ 'ಮುಖ ತೋರಿಸೋ ಹಾಗಿಲ್ಲ' ಅಂತೀವಿ, ಅಲ್ವಾ? (ಗೋಬಿ ಮಂಚೂರಿಯನ್ನು ಮಾತ್ರ ಅವಳು ಅಲ್ಲಿ ಎಲ್ಲೂ ಕಂಡಿಲ್ಲವಂತೆ!)

ಹುಡುಗನ ತಾಳ್ಮೆಗೆ ಐದಕ್ಕೆ ಐದು. ಗೋಬಿಗೆ ನಾಲ್ಕು. ನೂಡಲ್ಸ್‌ಗೆ ಎರಡು, ಅದೂ ಹಸಿವಾಗಿತ್ತು ಅಂತ. ಚಿಕ್ಕಪ್ಪ ಸುಮ್ನೆ ಇನ್ನೊಂದು ಪ್ಲೇಟ್ ಗೋಬಿ ಹೇಳಿದರು.