ಮೂರನೇ ಗೇರಿನ ಕಾರು: ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230

ಪೆಟ್ರೋಲ್ ಬಂಕಿರಲಿ, ಅಪಾರ್ಟ್‌ಮೆಂಟ್ ಪಾರ್ಕಿಂಗ್ ಇರಲಿ, ಛತ್ರದ ಮುಂದೆ ಇರಲಿ, ಈ ಕಾರು ನೋಡಿದವರು ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಹೋಗುತ್ತೆ ಸಾರ್?" ಕಂಪನಿ ಲೆಕ್ಕದಲ್ಲಿ ಗಂಟೆಗೆ 250 ಕಿಲೋಮೀಟರ್. ನಾನು ಅದರ ಹತ್ತಿರಕ್ಕೂ ಹೋಗಿಲ್ಲ, ಹೋಗುವ ಆಸೆಯೂ ಇಲ್ಲ. ಹೋಗಲು ರಸ್ತೆಯಾದರೂ ಎಲ್ಲಿದೆ? ಬೆಂಗಳೂರು–ಮೈಸೂರು ಹೈವೇಯಲ್ಲಿ ಮಿತಿ 100, ಉದ್ದಕ್ಕೂ ಕ್ಯಾಮೆರಾ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಹಾಕುತ್ತೇವೆ ಅಂತ ಪೊಲೀಸರು ಹೇಳಿಬಿಟ್ಟರು. ಆ ಹೈವೇಯಲ್ಲಿ ಈ ಕಾರು ಆರನೇ ಗೇರಿನಲ್ಲಿ ಎರಡು ಸಾವಿರ ಚಿಲ್ಲರೆ ಆರ್‌ಪಿಎಂನಲ್ಲಿ ತೂಕಡಿಸಿಕೊಂಡು ಹೋಗುತ್ತದೆ. ಅಲ್ಲಿ ಇದಕ್ಕೂ ಪಕ್ಕದ ಲೇನಿನ ಹ್ಯಾಚ್‌ಬ್ಯಾಕ್‌ಗೂ ದೊಡ್ಡ ವ್ಯತ್ಯಾಸ ಏನೂ ಗೊತ್ತಾಗಲ್ಲ.

ಹಾಗಾದರೆ ಇಷ್ಟು ದುಡ್ಡು ಯಾಕೆ? ನನ್ನ ಪ್ರಕಾರ ಈ ಕಾರಿನ ಅಸಲಿ ಮಜಾ ಇರುವುದು 50ರಿಂದ 100ರ ಮಧ್ಯೆ, ಅದೂ ಎರಡು ಲೇನಿನ ರಸ್ತೆಯಲ್ಲಿ.

ಹಾಸನದಿಂದ ಬೇಲೂರು ಕಡೆ ಹೋಗುತ್ತಿದ್ದೀರಿ ಅಂದುಕೊಳ್ಳಿ. ಮುಂದೆ ಒಂದು ಕೆಂಪು ಬಸ್ಸು, ಅದರ ಮುಂದೆ ಹುಲ್ಲು ತುಂಬಿದ ಟ್ರ್ಯಾಕ್ಟರ್. ಎದುರಿಗೆ ಒಂದಿಷ್ಟು ದೂರ ರಸ್ತೆ ಖಾಲಿ ಕಾಣುತ್ತದೆ, ಆಮೇಲೆ ತಿರುವು. ಮಾಮೂಲಿ ಕಾರಿನಲ್ಲಿ ಇಲ್ಲಿ ಒಂದು ಲೆಕ್ಕಾಚಾರ ನಡೆಯುತ್ತದೆ: ಆಗುತ್ತಾ, ಆಗಲ್ವಾ, ಬಿಡು ಮುಂದೆ ನೋಡೋಣ. ಇದರಲ್ಲಿ ಸ್ಟೀರಿಂಗ್ ಹಿಂದಿರುವ ಎಡಗಡೆ ಗೇರ್ ಪ್ಯಾಡಲ್ ಒತ್ತಿ ಮೂರನೇ ಗೇರಿಗೆ ಇಳಿಸಿ, ಕಾಲು ಒತ್ತಿದರೆ ಆಯಿತು. 350 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ) 1,500 ಆರ್‌ಪಿಎಂಗೇ ಸಿಗುತ್ತದೆ, 4,600ರವರೆಗೂ ಹಾಗೇ ಇರುತ್ತದೆ. ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ತಿರುಗುವುದಕ್ಕೆ ಕಾಯುವ ಆ ಅರೆಕ್ಷಣದ ಖಾಲಿತನ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ, ಬಸ್ಸಿನ ಕಿಟಕಿಗಳು ಸಾಲಾಗಿ ಹಿಂದಕ್ಕೆ ಸರಿಯುತ್ತವೆ, ಮತ್ತೆ ಎಡಕ್ಕೆ ಬಂದು 80ಕ್ಕೆ ಇಳಿಸಿಕೊಂಡರೆ ಕೆಲಸ ಮುಗಿಯಿತು. ಎದುರು ಬರುವ ವಾಹನದ ಲೇನಿನಲ್ಲಿ ನಾನು ಇರುವ ಹೊತ್ತು ಕಡಿಮೆ. ಇದನ್ನು ನಾನು ಸುರಕ್ಷತೆ ಅಂತಲೇ ಲೆಕ್ಕ ಹಾಕುತ್ತೇನೆ. ಮನೆಯವಳು ಒಪ್ಪಲ್ಲ. "ರೀ, ಆ ಬಸ್ಸಿನ ಹಿಂದೆನೇ ಹೋಗಿದ್ರೂ ಐದು ನಿಮಿಷ ತಡ ಆಗ್ತಿತ್ತು ಅಷ್ಟೇ" ಅನ್ನುತ್ತಾಳೆ. ಅದೂ ನಿಜವೇ.

ಕಾರಿನ ಜಾತಕ ಸ್ವಲ್ಪ ಹೇಳಿಬಿಡುತ್ತೇನೆ. ಇದು 2017ರಲ್ಲಿ ಭಾರತಕ್ಕೆ ಬಂತು. ಆಗ ಎಕ್ಸ್‌ಶೋರೂಂ ಬೆಲೆ 24.62 ಲಕ್ಷ. 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್ (ಕುದುರೆ ಶಕ್ತಿ), ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್), ಮುಂದಿನ ಚಕ್ರಗಳಿಗಷ್ಟೇ ಪವರ್. 0ಯಿಂದ 100ಕ್ಕೆ 6.8 ಸೆಕೆಂಡ್. ನೋಡಲು ಸೆಡಾನ್, ಆದರೆ ಡಿಕ್ಕಿ ಬಾಗಿಲಿನ ಜೊತೆ ಹಿಂದಿನ ಗಾಜೂ ಮೇಲೇಳುತ್ತದೆ. ನಾನು ತೆಗೆದುಕೊಂಡಿದ್ದು ಸೆಕೆಂಡ್ ಹ್ಯಾಂಡ್, ಬೆಂಗಳೂರಿನಲ್ಲೇ ರಿಜಿಸ್ಟರ್ ಆದ ಗಾಡಿ. ದೆಹಲಿ ಕಡೆ ಇದಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಆದರೆ ಅಲ್ಲಿಂದ ತಂದರೆ ಎನ್‌ಒಸಿ ಓಡಾಟ, ಮೇಲೆ ಇಲ್ಲಿಯ ರೋಡ್ ಟ್ಯಾಕ್ಸ್. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ 18 ಪರ್ಸೆಂಟ್, ಸೆಸ್ ಬೇರೆ. ಮೊದಲ ಓನರ್ ನಾಲ್ಕು ಲಕ್ಷಕ್ಕೂ ಮೇಲೆ ಟ್ಯಾಕ್ಸ್ ಕಟ್ಟಿದ್ದರು. ಪುಣ್ಯಾತ್ಮರು.

ಘಾಟಿಗೆ ಬರೋಣ. ಇಂಥ ಕಾರಿನ ಜಾಯಮಾನ ಗೊತ್ತಾಗುವುದು ಘಾಟಿಯಲ್ಲೇ. ನನಗೆ ಇಷ್ಟವಾದದ್ದು ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಬೆಳಗ್ಗೆ ಬೇಗ, ಮಂಜು ಕರಗಿದ ಮೇಲೆ ಇಳಿಯಬೇಕು. ಇಳಿಯುವಾಗ ಬ್ರೇಕ್‌ಗಿಂತ ಜಾಸ್ತಿ ಗೇರನ್ನು ನಂಬುತ್ತೇನೆ. ಎರಡನೇ ಗೇರಿಗೆ ಹಾಕಿಟ್ಟರೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಪೆಡಲ್ ಮೇಲೆ ಬೆರಳು ಇಟ್ಟಷ್ಟೇ ಭಾರ ಸಾಕು.

ಹತ್ತುವಾಗ ಬೇರೆಯೇ ಕಥೆ. ಹೇರ್‌ಪಿನ್ ತಿರುವಿನ ಒಳಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿದ್ದೀರಿ, ಎರಡನೇ ಗೇರು, ಹೊರಗೆ ಬರುವ ಮೊದಲೇ ಆಕ್ಸಿಲರೇಟರ್ ಒತ್ತಿದ್ದೀರಿ. ಮುಂದಿನ ಚಕ್ರದ ಕಾರು ಈ ಹೊತ್ತಿನಲ್ಲಿ ಮೂಗನ್ನು ಹೊರಕ್ಕೆ ತಳ್ಳಬೇಕು. ಒಳಗಡೆ ಚಕ್ರದ ಮೇಲೆ ಭಾರ ಇರಲ್ಲ, ಅದು ಸುಮ್ನೆ ಗಿರಗಿರ ತಿರುಗುತ್ತದೆ. ಇದರಲ್ಲಿ ಎಕ್ಸ್‌ಡಿಎಸ್ ಪ್ಲಸ್ ಅಂತ ಒಂದು ವ್ಯವಸ್ಥೆ ಇದೆ. ಒಳಗಡೆ ಚಕ್ರಕ್ಕೆ ತಾನೇ ಚೂರು ಬ್ರೇಕ್ ಹಾಕಿ, ಪವರನ್ನು ಹೊರಗಡೆ ಚಕ್ರಕ್ಕೆ ಕಳಿಸುತ್ತದೆ. ಒಣ ರಸ್ತೆಯಲ್ಲಿ ಅದು ಕೈಗೇ ಗೊತ್ತಾಗುತ್ತದೆ. ಮೂಗು ತಿರುವಿನ ಒಳಕ್ಕೆ ಎಳೆದುಕೊಳ್ಳುತ್ತದೆ, ಸ್ಟೀರಿಂಗ್ ಸ್ವಲ್ಪ ಸಡಿಲಿಸಬೇಕಾಗುತ್ತದೆ. ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್ ಇರುವುದರಿಂದ ತಿರುವಿನ ಮಧ್ಯೆ ರಸ್ತೆ ಕಿತ್ತಿದ್ದರೂ ಹಿಂಭಾಗ ಕುಪ್ಪಳಿಸಿ ಗಾಬರಿ ಮಾಡಲ್ಲ.

ಮಳೆಗಾಲದಲ್ಲಿ ಈ ಆಟ ನಡೆಯಲ್ಲ. ಮಲೆನಾಡಿನ ಮಳೆಯಲ್ಲಿ ಎರಡನೇ ಗೇರಿನಲ್ಲಿ ಕಾಲು ಒತ್ತಿದರೆ ಎರಡೂ ಚಕ್ರ ಜಾರುತ್ತವೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಣುಕುತ್ತದೆ, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಜಗ್ಗುತ್ತದೆ. 230 ಕುದುರೆಗಳನ್ನು ಎರಡೇ ಚಕ್ರಕ್ಕೆ ಕಟ್ಟಿದರೆ ಇನ್ನೇನಾಗುತ್ತೆ? ಇಂಥದ್ದರಲ್ಲೂ ಕೆಲವರು ರಿಮ್ಯಾಪ್ ಮಾಡಿಸಿ, ಅಂದರೆ ಇಂಜಿನ್ ಸಾಫ್ಟ್‌ವೇರ್ ಬದಲಿಸಿ, 300ರ ಹತ್ತಿರ ಒಯ್ಯುತ್ತಾರೆ. ನನ್ನನ್ನೂ ಕೇಳುತ್ತಾರೆ, "ಸ್ಟೇಜ್ ಒನ್ ಮಾಡಿಸಿಲ್ವಾ?" ಅಂತ. ಇರುವ ಪವರನ್ನೇ ಟೈರು ರಸ್ತೆಗೆ ಇಳಿಸಲು ಒದ್ದಾಡುವಾಗ ಇನ್ನಷ್ಟು ಕೊಟ್ಟು ಏನು ಮಾಡುವುದು? ದುಡ್ಡಿದ್ದರೆ ಒಳ್ಳೆ ಟೈರ್ ಹಾಕಿಸಿ ಅನ್ನುತ್ತೇನೆ. ಮಿಕ್ಕಿದ್ದು ಅವರಿಷ್ಟ.

ಇನ್ನು ಬೆಂಗಳೂರು. ಸಿಲ್ಕ್ ಬೋರ್ಡ್, ಕೆ.ಆರ್. ಪುರದಂಥ ಕಡೆ ಇಂಥ ಕಾರು ಓಡಿಸುವುದು ಹುಚ್ಚು ಅನ್ನುವವರಿದ್ದಾರೆ. ಅಷ್ಟೇನೂ ಕಷ್ಟ ಇಲ್ಲ. ಇದೇ ಆಕ್ಟೇವಿಯಾದ 1.8 ಲೀಟರ್ ಕಾರಿನಲ್ಲಿ ಇರುವುದು ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ. ಇದರದ್ದು ಎಣ್ಣೆಯಲ್ಲಿ ಮುಳುಗಿರುವ ವೆಟ್ ಕ್ಲಚ್. ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಇಂಚಿಂಚೇ ಸರಿಯುವ ಟ್ರಾಫಿಕ್ಕಿನಲ್ಲಿ ಒಂದರಿಂದ ಎರಡಕ್ಕೆ ಹೋಗುವಾಗ ಒಮ್ಮೊಮ್ಮೆ ಸಣ್ಣ ಜರ್ಕ್ ಬರುತ್ತದೆ. ಮುಂದಿನ ಗಾಡಿಗೆ ಸ್ವಲ್ಪ ಜಾಗ ಬಿಟ್ಟು, ಒಂದೇ ಸಲ ಸರಿದರೆ ಅದೂ ಇಲ್ಲ. ಗೇರಿನ ಎಸ್ (ಸ್ಪೋರ್ಟ್) ಮೋಡ್ ಅನ್ನು ಮಾತ್ರ ಸಿಟಿಯಲ್ಲಿ ಮುಟ್ಟಬೇಡಿ. ಗೇರು ಹಿಡಿದುಕೊಂಡು ಸುಮ್ನೆ ಗುರ್ ಅನ್ನುತ್ತದೆ, ಪೆಟ್ರೋಲ್ ಕುಡಿಯುತ್ತದೆ.

ತೊಂದರೆ ಇರುವುದು ಹಂಪ್‌ಗಳದ್ದು. ಸಾಮಾನ್ಯ ಆಕ್ಟೇವಿಯಾಗಿಂತ ಇದು ತಗ್ಗು. ನಮ್ಮ ಬಡಾವಣೆಯ ಹಂಪ್‌ಗಳನ್ನು ಯಾವ ಅಳತೆಯಲ್ಲಿ ಹಾಕುತ್ತಾರೋ ದೇವರಿಗೇ ಗೊತ್ತು. ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದೆ ಮೂರು ಜನ ಕೂತಿದ್ದರೆ ಅದೂ ಸಾಲದು. ಊರಿನ ಕೆಲವು ರಸ್ತೆಗಳಲ್ಲಿ ಎಲ್ಲರನ್ನೂ ಇಳಿಸಿ, ಹಂಪ್ ದಾಟಿಸಿ, ಮತ್ತೆ ಹತ್ತಿಸಿಕೊಳ್ಳುವುದು ನಮ್ಮ ಮನೆಯಲ್ಲಿ ಅಭ್ಯಾಸವಾಗಿದೆ. ಮಕ್ಕಳಿಗೆ ಅದೇ ಖುಷಿ. 17 ಇಂಚಿನ ಚಕ್ರ, ಟೈರಿನ ಪಕ್ಕದ ಗೋಡೆ ಗಿಡ್ಡ. ಮಳೆನೀರು ತುಂಬಿದ ಗುಂಡಿಯೊಂದಕ್ಕೆ ಇಳಿದು ಒಂದು ಟೈರಿನ ಪಕ್ಕೆಯಲ್ಲಿ ಗುಳ್ಳೆ ಎದ್ದಿತ್ತು. ಅಂಥ ಟೈರನ್ನು ಇಟ್ಟುಕೊಳ್ಳುವಂತಿಲ್ಲ, ಬಿಸಾಕಬೇಕು. ಹೊಸದು ಹಾಕುವಾಗ ಆ ಆಕ್ಸಲ್ಲಿನ ಎರಡನ್ನೂ ಬದಲಾಯಿಸಿದೆ.

ಹಿಂದಿನ ಸೀಟಿನ ಬಗ್ಗೆ ಅಪ್ಪನ ತೀರ್ಪು: "ಜಾಗ ಬೇಕಾದಷ್ಟಿದೆ ಕಣೋ, ಆದ್ರೆ ರೋಡೇ ಕಾಣ್ಸಲ್ವಲ್ಲೋ." ಮುಂದಿನ ಸ್ಪೋರ್ಟ್ಸ್ ಸೀಟುಗಳಿಗೆ ತಲೆಯೊರಗು ಸೇರಿ ಒಂದೇ ಗೋಡೆ. ಘಾಟಿಯಲ್ಲಿ ಮುಂದಿನ ತಿರುವು ಕಾಣದೆ ಹಿಂದೆ ಕೂತವರಿಗೆ ತಲೆ ಸುತ್ತುತ್ತದೆ. ಅಮ್ಮ ಈಗ ಕಾರು ಹತ್ತುವ ಮೊದಲೇ ಕೈಯಲ್ಲಿ ನಿಂಬೆಹಣ್ಣು ಹಿಡಿದಿರುತ್ತಾರೆ. ಡಿಕ್ಕಿ ಬಗ್ಗೆ ಮಾತ್ರ ಯಾರದ್ದೂ ತಕರಾರಿಲ್ಲ. 590 ಲೀಟರ್. ಬಾಗಿಲು ಅಷ್ಟಗಲ ತೆರೆಯುವುದರಿಂದ ತೆಂಗಿನಕಾಯಿ ಮೂಟೆ, ಬಾಳೆಗೊನೆ, ಹಲಸಿನಹಣ್ಣು ಎಲ್ಲ ಸಲೀಸಾಗಿ ಹೋಗುತ್ತದೆ. ಕೆಂಪು ಹೊಲಿಗೆಯ ಸ್ಪೋರ್ಟ್ಸ್ ಸೀಟಿನಲ್ಲಿ ಕೂತು, ಹಲಸಿನ ವಾಸನೆ ಕುಡಿಯುತ್ತಾ ನೆಲಮಂಗಲ ಟೋಲ್‌ನಲ್ಲಿ ನಿಲ್ಲುವ ಭಾಗ್ಯ ಎಷ್ಟು ಜನಕ್ಕಿದೆ?

ಮೈಲೇಜ್ ಸಿಟಿಯಲ್ಲಿ ಏಳೆಂಟು, ಹೈವೇಯಲ್ಲಿ ಸಮಾಧಾನವಾಗಿ ಹೋದರೆ 13–14. ನಾನು 95 ಆಕ್ಟೇನ್ ಪೆಟ್ರೋಲ್ ಹಾಕಿಸುತ್ತೇನೆ. 100 ಆಕ್ಟೇನ್‌ನ ರೇಟು ನೋಡಿದರೆ ಬೇಡ ಅನಿಸುತ್ತದೆ. ಹಾಕಿಸಿ ನೋಡಿದಾಗ ಕಾಲಿಗೆ ಗೊತ್ತಾಗುವಂಥ ವ್ಯತ್ಯಾಸವೂ ಕಾಣಲಿಲ್ಲ.

ಸರ್ವಿಸ್ ಅಂದರೆ ಕಾರಿಗಿಂತ ಸರ್ವಿಸ್ ಅಡ್ವೈಸರ್‌ನನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಒಂದು ಸರ್ವಿಸ್ ಸೆಂಟರಿನಲ್ಲಿ ಇನ್ನೂ ಅರ್ಧ ಉಳಿದಿದ್ದ ಬ್ರೇಕ್ ಪ್ಯಾಡ್ ಬದಲಾಯಿಸಲೇಬೇಕು ಅಂತ ಎಸ್ಟಿಮೇಟ್ ಕೊಟ್ಟರು. "ಅಳತೆ ಮಾಡಿ ಎಷ್ಟು ಎಂಎಂ ಅಂತ ಬರೆದುಕೊಡಿ" ಅಂದೆ. ಆ ಸಾಲೇ ಬಿಲ್ಲಿನಿಂದ ಮಾಯ. ಈಗ ಜರ್ಮನ್ ಕಾರುಗಳನ್ನೇ ನೋಡುವ ಒಂದು ಗ್ಯಾರೇಜಿಗೆ ಒಯ್ಯುತ್ತೇನೆ. ಡಿಎಸ್‌ಜಿ ಎಣ್ಣೆ ಮತ್ತು ಫಿಲ್ಟರ್ 60,000 ಕಿಲೋಮೀಟರಿಗೆ ಬದಲಾಯಿಸಲೇಬೇಕು. ಇದರಲ್ಲಿ ಜುಗ್ಗತನ ಮಾಡಿದರೆ ಮುಂದೆ ಮೆಕಾಟ್ರಾನಿಕ್ಸ್‌ಗೆ, ಅಂದರೆ ಗೇರ್‌ಬಾಕ್ಸನ್ನು ನಿಯಂತ್ರಿಸುವ ಘಟಕಕ್ಕೆ, ಲಕ್ಷಗಟ್ಟಲೆ ಸುರಿಯಬೇಕಾದೀತು.

ಈಗ ಕೊಳ್ಳಬಹುದಾ ಅಂತ ಕೇಳುವವರಿಗೆ. 2020ರಲ್ಲಿ ವಿಆರ್‌ಎಸ್ 245 ಬಂತು, ಪೂರ್ತಿ ಆಮದು, 200 ಕಾರು ಮಾತ್ರ, 35.99 ಲಕ್ಷ. ಅದರಲ್ಲಿ ಎರಡು ಚಕ್ರಗಳಿಗೆ ಪವರ್ ಹಂಚುವ ನಿಜವಾದ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಇದೆ, ಘಾಟಿಗೆ ಅದು ಇದಕ್ಕಿಂತ ವಾಸಿ. 2025ರ ಅಕ್ಟೋಬರ್‌ನಲ್ಲಿ ಹೊಸ ಆಕ್ಟೇವಿಯಾ ಆರ್‌ಎಸ್ ಬಂದಿದ್ದು 265 ಪಿಎಸ್, 49.99 ಲಕ್ಷ. ಬಂದಿದ್ದೇ 100, ಬಂದಷ್ಟೂ ಖಾಲಿ. ಹಾಗಾಗಿ ನಮ್ಮಂಥವರಿಗೆ ಉಳಿದಿರುವುದು ಹಳೆಯ 230. ನೋಡಲು ಹೋದಾಗ ಡಿಎಸ್‌ಜಿ ಎಣ್ಣೆ ಬದಲಿಸಿದ ಬಿಲ್ ಕೇಳಿ. ಬಾಯಿಮಾತು ಬೇಡ. ಈ ಇಂಜಿನ್ ಕುಟುಂಬದಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಇರುವ ಪ್ಲಾಸ್ಟಿಕ್ ಹೌಸಿಂಗ್‌ನಿಂದ ಕೂಲೆಂಟ್ ಸೋರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಇಂಜಿನ್ ತಣ್ಣಗಿರುವಾಗ ಬಾನೆಟ್ ತೆಗೆಸಿ ಕೂಲೆಂಟ್ ಮಟ್ಟ ನೋಡಿ, ಟಾರ್ಚ್ ಹಾಕಿ ಆ ಹೌಸಿಂಗ್ ಸುತ್ತ ಒಣಗಿದ ಗುಲಾಬಿ ಕಲೆ ಇದೆಯಾ ನೋಡಿ. ರಿಮ್ಯಾಪ್ ಮಾಡಿಸಿ ಮಾರುವ ಮುಂಚೆ ವಾಪಸ್ ಕಂಪನಿ ಸೆಟ್ಟಿಂಗ್‌ಗೆ ತಂದ ಗಾಡಿಗಳೂ ಇವೆ, ಗೊತ್ತಿರುವವರಿಂದ ಸ್ಕ್ಯಾನ್ ಮಾಡಿಸಿ. ಕೊನೆಗೆ, ಅಡ್ವಾನ್ಸ್ ಕೊಡುವ ಮೊದಲು ಕಾರನ್ನು ನಿಮ್ಮ ಮನೆಗೆ ತರಿಸಿ, ನಾಲ್ಕು ಜನ ಕೂತು ನಿಮ್ಮ ಬೇಸ್‌ಮೆಂಟ್ ಇಳಿಜಾರಿನಲ್ಲಿ ಒಂದು ಸಲ ಇಳಿಸಿ ಹತ್ತಿಸಿ. ಹೊಟ್ಟೆ ಉಜ್ಜಿದರೆ ಬೇರೆ ಕಾರು ನೋಡಿ, ಇಲ್ಲವೇ ಬೇರೆ ಪಾರ್ಕಿಂಗ್ ಹುಡುಕಿ.